ಆರು ನಿಮಿಷಗಳ ನಡಿಗೆ

ದೀರ್ಘಕಾಲದ ಶ್ವಾಸಕೋಶ ರೋಗಿಗಳ ಶ್ರಮಸಾಮರ್ಥ್ಯವನ್ನು ಅಳೆಯುವ ಬಗೆ

ಆರೋಗ್ಯವಂತನಾದ ಮನುಷ್ಯನು ತನ್ನ ಉಸಿರಾಟವನ್ನು ಗಮನಿಸುವುದೇ ಇಲ್ಲ. ಕಣ್ಣಿನ ರೆಪ್ಪೆ ಮಿಟುಕುವಂತೆ, ಹೃದಯ ಬಡಿಯುವಂತೆ ಅದು ತನ್ನ ಪಾಡಿಗೆ ತಾನು ನಡೆದುಕೊಂಡು ಹೋಗುತ್ತದೆ. ಉಸಿರಾಡುವುದೂ ಒಂದು ಕೆಲಸವೆಂಬ ಅರಿವು ಮೂಡುವುದು ಆ ಕೆಲಸ ಕಷ್ಟವಾದಾಗ ಮಾತ್ರ. ಮಹಾನಗರಗಳಲ್ಲಿ ನೆಲೆಸಿದವರಿಗೆ ಈ ಅರಿವು ಸಾಮಾನ್ಯವಾಗಿ ಉಂಟಾಗುವುದು ಆಸ್ಪತ್ರೆಯಲ್ಲಲ್ಲ. ರೈಲ್ವೆ ಮೇಲ್ಸೇತುವೆಯ ಮೆಟ್ಟಿಲುಗಳ ಮೇಲೆ, ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ, ತರಕಾರಿಯ ಚೀಲ ಹಿಡಿದು ಮನೆಗೆ ಮರಳುವ ದಾರಿಯಲ್ಲಿ.

ಆದರೆ ಆ ಅರಿವನ್ನು ಒಪ್ಪಿಕೊಳ್ಳುವವರು ವಿರಳ. 'ವಯಸ್ಸಾಯಿತಲ್ಲ' ಎಂಬ ಒಂದು ಮಾತಿನಲ್ಲಿ ವಿಷಯ ಮುಗಿದುಹೋಗುತ್ತದೆ. ಮುಂದೆ ಮೆಟ್ಟಿಲು ಹತ್ತುವ ಕೆಲಸವನ್ನು ಮಗನಿಗೆ ವಹಿಸಲಾಗುತ್ತದೆ. ಮಾರುಕಟ್ಟೆಗೆ ಹೋಗುವುದು ನಿಲ್ಲುತ್ತದೆ. ದೇವಸ್ಥಾನದ ಸಂಜೆಯ ಭೇಟಿ ವಾರಕ್ಕೊಮ್ಮೆಯಾಗಿ, ಕೊನೆಗೆ ಹಬ್ಬಕ್ಕೊಮ್ಮೆಯಾಗುತ್ತದೆ. ಶ್ರಮವನ್ನೇ ತ್ಯಜಿಸಿದ ಮೇಲೆ ಏದುಸಿರೂ ಕಾಣಿಸದು. 'ಈಗ ಹೇಗಿದ್ದೀರಿ?' ಎಂದು ವೈದ್ಯರು ಕೇಳಿದರೆ 'ಪರವಾಗಿಲ್ಲ, ಏನೂ ತೊಂದರೆಯಿಲ್ಲ' ಎಂಬ ಉತ್ತರ ಪ್ರಾಮಾಣಿಕವಾಗಿಯೇ ಬರುತ್ತದೆ. ರೋಗ ಕಡಿಮೆಯಾದುದರಿಂದ ಬಂದ ಉತ್ತರವಲ್ಲ ಅದು. ಬದುಕು ಕಿರಿದಾದುದರಿಂದ ಬಂದದ್ದು. ಈ ಕಾರಣದಿಂದಲೇ ಶ್ವಾಸಕೋಶದ ರೋಗಿಗಳ ವಿಷಯದಲ್ಲಿ ಬರಿಯ ಪ್ರಶ್ನೋತ್ತರ ಸಾಲದು. ಅವರು ಎಷ್ಟು ಶ್ರಮವನ್ನು ತಾಳಬಲ್ಲರೆಂಬುದನ್ನು ಅಳೆದೇ ನೋಡಬೇಕಾಗುತ್ತದೆ.

ಯಾರಿಗೆ ಈ ರೋಗ?

ದೀರ್ಘಕಾಲದ ಶ್ವಾಸಕೋಶ ರೋಗಗಳಲ್ಲಿ ಮುಖ್ಯವಾದುದು ಸಿ.ಓ.ಪಿ.ಡಿ. ಎಂಬ ಸಂಕ್ಷಿಪ್ತ ಹೆಸರಿನಿಂದ ಪ್ರಸಿದ್ಧವಾದ, ಶ್ವಾಸನಾಳಗಳು ಕಿರಿದಾಗಿ ಗಾಳಿಯ ಸಂಚಾರಕ್ಕೆ ಅಡ್ಡಿಯುಂಟುಮಾಡುವ ಕಾಯಿಲೆ. ಹಳೆಯ ಬ್ರಾಂಕೈಟಿಸ್, ಎಂಫಿಸೀಮಾ ಎರಡೂ ಇದರಲ್ಲಿ ಅಡಕವಾಗಿವೆ. 2018ರಲ್ಲಿ ಪ್ರಕಟವಾದ ಅಂದಾಜಿನಂತೆ 2016ರಲ್ಲಿ ಭಾರತದಲ್ಲಿ ಸುಮಾರು 5 ಕೋಟಿ 53 ಲಕ್ಷ ಜನ ಇದರಿಂದ ಬಳಲುತ್ತಿದ್ದರು. 1990ರಲ್ಲಿ ಈ ಸಂಖ್ಯೆ 2 ಕೋಟಿ 81 ಲಕ್ಷವಾಗಿತ್ತು. ಇದಲ್ಲದೆ ಶ್ವಾಸಕೋಶ ಗಟ್ಟಿಯಾಗುವ ಫೈಬ್ರೋಸಿಸ್, ಕ್ಷಯ ವಾಸಿಯಾದ ಮೇಲೂ ಉಳಿಯುವ ಹಾನಿ, ಬಹುಕಾಲದ ಉಬ್ಬಸ ಇವೂ ಶ್ರಮಸಾಮರ್ಥ್ಯವನ್ನು ಕುಗ್ಗಿಸುತ್ತವೆ.

ಬೀಡಿ, ಸಿಗರೇಟು ಸೇದುವವರಿಗೆ ಮಾತ್ರ ಸಿ.ಓ.ಪಿ.ಡಿ. ಬರುತ್ತದೆಂಬುದು ತಪ್ಪು ತಿಳಿವಳಿಕೆ. ಜೀವಮಾನದಲ್ಲಿ ಒಂದು ಬೀಡಿಯನ್ನೂ ಮುಟ್ಟದ ತಾಯಂದಿರು ಸೌದೆಯ ಒಲೆಯ ಮುಂದೆ, ಬೆರಣಿಯ ಹೊಗೆಯಲ್ಲಿ, ಊದುಗೊಳವೆ ಹಿಡಿದು ಮೂವತ್ತು ನಲವತ್ತು ವರ್ಷ ಅಡಿಗೆ ಮಾಡಿದ್ದಾರೆ. ಅಂಥ ತಾಯಿಯನ್ನು ಮಕ್ಕಳು ಊರಿನಿಂದ ಮುಂಬಯಿಗೋ ದೆಹಲಿಗೋ ಕರೆತಂದಾಗ, ಗ್ಯಾಸಿನ ಒಲೆಯ ಅಡಿಗೆಮನೆಯಲ್ಲಿ ನಿಂತೂ ಆಕೆಗೆ ಏದುಸಿರು ಬರುವುದುಂಟು. ಹೊಗೆ ಎಂದೋ ನಿಂತಿದ್ದರೂ ಅದು ಮಾಡಿದ ಹಾನಿ ಉಳಿದಿರುತ್ತದೆ. ಅದನ್ನು 'ನಗರದ ಹವೆ ಒಗ್ಗಲಿಲ್ಲ' ಎಂದು ತಳ್ಳಿಹಾಕುವುದು ಸರಿಯಲ್ಲ.

ಊದುವ ಪರೀಕ್ಷೆಯ ಮಿತಿ

ಶ್ವಾಸಕೋಶದ ಶಕ್ತಿಯನ್ನು ಅಳೆಯಲು ಸ್ಪೈರೋಮೀಟರ್ ಎಂಬ ಯಂತ್ರವಿದೆ. ಇದನ್ನು ರೂಪಿಸಿ, ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ, ಫಲಿತಾಂಶವನ್ನು 1846ರಲ್ಲಿ ಪ್ರಕಟಿಸಿದವನು ಜಾನ್ ಹಚಿನ್ಸನ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯ. ಜೀವವಿಮೆ ಮಾಡಿಸಲು ಬರುವವರ ಆರೋಗ್ಯ ಪರೀಕ್ಷೆಗೂ ಈ ಯಂತ್ರ ಉಪಯುಕ್ತವೆಂದು ಅವನು ವಾದಿಸಿದ್ದನೆಂಬುದು ಸ್ವಾರಸ್ಯಕರ ಸಂಗತಿ. ಒಬ್ಬ ಮನುಷ್ಯನ ಉಸಿರಿನಿಂದ ಅವನ ಆಯುಷ್ಯವನ್ನು ಅಂದಾಜು ಮಾಡುವ ಆಸೆ ಅಷ್ಟು ಹಳೆಯದು.

ಇಂದು ಈ ಪರೀಕ್ಷೆಯಲ್ಲಿ ರೋಗಿಯು ಎದೆತುಂಬ ಗಾಳಿ ಎಳೆದುಕೊಂಡು ರಭಸದಿಂದ ಊದುತ್ತಾನೆ. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಿದ್ದ ಗಾಳಿಯ ಪ್ರಮಾಣಕ್ಕೆ ಎಫ್.ಇ.ವಿ.-1 ಎಂದು ಹೆಸರು. ಶ್ವಾಸನಾಳವನ್ನು ಹಿಗ್ಗಿಸುವ ಔಷಧಿಯನ್ನು ಕೊಟ್ಟ ಮೇಲೂ, ಊದಿದ ಒಟ್ಟು ಗಾಳಿಯಲ್ಲಿ ಈ ಮೊದಲ ಸೆಕೆಂಡಿನ ಪಾಲು ಶೇಕಡಾ 70ಕ್ಕಿಂತ ಕಡಿಮೆಯಾಗಿದ್ದರೆ ಗಾಳಿಯ ದಾರಿಯಲ್ಲಿ ಅಡ್ಡಿಯಿದೆಯೆಂದು ಅರ್ಥ. ರೋಗವನ್ನು ಗುರುತಿಸಲು ಈ ಪರೀಕ್ಷೆ ಅನಿವಾರ್ಯ.

ಆದರೆ ಇದು ಕುರ್ಚಿಯಲ್ಲಿ ಕುಳಿತು ಮಾಡುವ ಪರೀಕ್ಷೆ. ಎದ್ದು ನಡೆದಾಗ ಏನಾಗುತ್ತದೆಂಬುದನ್ನು ಇದು ಪೂರ್ತಿಯಾಗಿ ತಿಳಿಸಲಾರದು. ಎಫ್.ಇ.ವಿ.-1 ಒಂದೇ ಆಗಿರುವ ಇಬ್ಬರಲ್ಲಿ ಒಬ್ಬನು ಮಾರುಕಟ್ಟೆಗೆ ಹೋಗಿಬರುತ್ತಾನೆ. ಇನ್ನೊಬ್ಬನಿಗೆ ಸ್ನಾನದ ಮನೆಯೇ ದೂರವಾಗುತ್ತದೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ವರ್ಷಾಂತ್ಯದ ಆಸ್ತಿ-ಹೊಣೆಗಳ ಪಟ್ಟಿ ಒಂದೇ ಬಗೆಯಾಗಿದ್ದರೂ ದಿನನಿತ್ಯದ ಖರ್ಚಿಗೆ ಕೈಯಲ್ಲಿ ಎಷ್ಟು ಹಣ ಓಡಾಡುತ್ತಿದೆಯೆಂಬುದು ಬೇರೆಯೇ ವಿಷಯ.

ನಡೆಯುವಾಗ ಆಗುವುದೇನು?

ಮುಂಬಯಿಯ ಓದುಗರಿಗೆ ಇದನ್ನು ಲೋಕಲ್ ರೈಲಿನ ಉಪಮೆಯಿಂದ ವಿವರಿಸಬಹುದು. ದಾದರ್ ನಿಲ್ದಾಣದಲ್ಲಿ ಒಳಗಿನವರು ಇಳಿದ ಮೇಲೆ ಹೊರಗಿನವರು ಹತ್ತಿದರೆ ಎಲ್ಲವೂ ಸುಗಮ. ಬಾಗಿಲು ಕಿರಿದಾಗಿದ್ದು, ಇಳಿಯುವವರು ಇಳಿದು ಮುಗಿಯುವ ಮೊದಲೇ ಹತ್ತುವವರು ನುಗ್ಗಿದರೆ ಡಬ್ಬಿ ತುಂಬಿ, ಯಾರಿಗೂ ಮಿಸುಕಾಡಲು ಆಗದು. ಸಿ.ಓ.ಪಿ.ಡಿ. ರೋಗಿಯ ಎದೆಯಲ್ಲಿ ನಡೆಯುವುದೂ ಇದೇ. ಕಿರಿದಾದ ಶ್ವಾಸನಾಳಗಳ ಮೂಲಕ ಗಾಳಿ ಹೊರಹೋಗಲು ಹೆಚ್ಚು ಸಮಯ ಬೇಕು. ಕುಳಿತಿರುವಾಗ ಆ ಸಮಯ ಸಿಗುತ್ತದೆ. ವೇಗವಾಗಿ ನಡೆದಾಗ ಉಸಿರಾಟದ ಗತಿ ಹೆಚ್ಚಿ, ಹಿಂದಿನ ಗಾಳಿ ಹೊರಹೋಗುವ ಮೊದಲೇ ಮುಂದಿನ ಉಸಿರು ಒಳಬರುತ್ತದೆ. ಎದೆ ಉಬ್ಬಿ ನಿಲ್ಲುತ್ತದೆ. ಹೊಸ ಗಾಳಿಗೆ ಜಾಗವಿರುವುದಿಲ್ಲ. 'ಉಸಿರು ಒಳಗೆ ಹೋಗುತ್ತಲೇ ಇಲ್ಲ' ಎಂದು ರೋಗಿ ಹೇಳುವುದು ಇದನ್ನೇ.

ಎರಡನೆಯ ಕಾರಣ ಕಾಲುಗಳಲ್ಲಿದೆ. ಏದುಸಿರಿನ ಭಯದಿಂದ ನಡಿಗೆ ನಿಲ್ಲಿಸಿದವರ ತೊಡೆಯ ಸ್ನಾಯುಗಳು ದಿನೇ ದಿನೇ ಬಡವಾಗುತ್ತವೆ. ಬಡವಾದ ಸ್ನಾಯು ಸ್ವಲ್ಪ ಶ್ರಮಕ್ಕೇ ದಣಿದು ಹೆಚ್ಚು ಉಸಿರನ್ನು ಬೇಡುತ್ತದೆ, ಉಸಿರು ಇನ್ನಷ್ಟು ಕಟ್ಟುತ್ತದೆ, ಭಯ ಇಮ್ಮಡಿಯಾಗುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ದೇಹದ ಸ್ನಾಯುಗಳಿಗೂ ಸಲ್ಲುತ್ತದೆ. ಈ ವಿಷವೃತ್ತದ ಯಾವ ಘಟ್ಟದಲ್ಲಿ ರೋಗಿ ಇದ್ದಾನೆಂಬುದನ್ನು ತಿಳಿಯುವುದೇ ಶ್ರಮಪರೀಕ್ಷೆಯ ಉದ್ದೇಶ.

ಓಟದಿಂದ ನಡಿಗೆಗೆ

ಈ ಪರೀಕ್ಷೆಯ ಮೂಲ ಇರುವುದು ರೋಗಿಗಳಲ್ಲಲ್ಲ, ಸೈನಿಕರಲ್ಲಿ. ಅಮೆರಿಕದ ವಾಯುಸೇನೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ, 12 ನಿಮಿಷಗಳಲ್ಲಿ ಒಬ್ಬನು ಎಷ್ಟು ದೂರ ಓಡಬಲ್ಲನೆಂಬುದರಿಂದ ಅವನ ದೇಹದಾರ್ಢ್ಯವನ್ನು ಅಂದಾಜು ಮಾಡಬಹುದೆಂದು ತೋರಿಸಿದರು. ಬ್ರಿಟನ್ನಿನ ಮೆಕ್‌ಗ್ಯಾವಿನ್ ಮತ್ತು ಅವರ ಸಹೋದ್ಯೋಗಿಗಳು 1976ರಲ್ಲಿ ಇದನ್ನೇ ಬ್ರಾಂಕೈಟಿಸ್ ರೋಗಿಗಳಿಗೆ ಹೊಂದುವಂತೆ 12 ನಿಮಿಷಗಳ ನಡಿಗೆಯಾಗಿ ಮಾರ್ಪಡಿಸಿದರು. ರೋಗಿಗಳಿಗೆ 12 ನಿಮಿಷವೂ ದೀರ್ಘವೆನಿಸುತ್ತಿತ್ತು. 1982ರಲ್ಲಿ ಬಟ್‌ಲಂಡ್ ಮತ್ತು ಸಂಗಡಿಗರು 2, 6 ಮತ್ತು 12 ನಿಮಿಷಗಳ ನಡಿಗೆಗಳನ್ನು ಹೋಲಿಸಿ, ಆರು ನಿಮಿಷ ಸಾಕೆಂಬ ಅಭಿಪ್ರಾಯಕ್ಕೆ ದಾರಿಮಾಡಿದರು. ಅಮೆರಿಕದ ಎದೆರೋಗ ತಜ್ಞರ ಸಂಘವು 2002ರಲ್ಲಿ ಇದಕ್ಕೆ ನಿಯಮಾವಳಿಯನ್ನು ರೂಪಿಸಿತು. 2014ರಲ್ಲಿ ಯೂರೋಪಿನ ಸಂಘದೊಡನೆ ಸೇರಿ ಅದನ್ನು ಪರಿಷ್ಕರಿಸಿತು.

ಪರೀಕ್ಷೆ ನಡೆಯುವ ಕ್ರಮ

ಬೇಕಾದ ಸಲಕರಣೆಗಳು ಬಹಳ ಸರಳ. 30 ಮೀಟರ್ ಉದ್ದದ ಸಮತಟ್ಟಾದ, ಜನಸಂಚಾರವಿಲ್ಲದ ಓಣಿ, ಎರಡು ತುದಿಗಳಲ್ಲಿ ಗುರುತಿನ ಶಂಕುಗಳು, ಒಂದು ಗಡಿಯಾರ, ಒಂದು ಕುರ್ಚಿ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್. ತುರ್ತಿಗೆ ಆಮ್ಲಜನಕವೂ ಔಷಧಿಗಳೂ ಸಿದ್ಧವಿರಬೇಕು.

ರೋಗಿಯು ಎಂದಿನ ಔಷಧಿಗಳನ್ನು ತೆಗೆದುಕೊಂಡು, ಲಘುವಾಗಿ ಆಹಾರ ಸೇವಿಸಿ, ಸಡಿಲವಾದ ಉಡುಪು ಹಾಗೂ ಅಭ್ಯಾಸವಾದ ಪಾದರಕ್ಷೆಗಳನ್ನು ಧರಿಸಿ ಬರತಕ್ಕದ್ದು. ಊರುಗೋಲು ಬಳಸುವವರು ಅದನ್ನು ತರಬೇಕು. ಹಿಂದಿನ ಎರಡು ಗಂಟೆಗಳಲ್ಲಿ ಕಠಿಣ ಶ್ರಮ ಕೂಡದು. ಮೊದಲು ಕುರ್ಚಿಯಲ್ಲಿ ವಿಶ್ರಾಂತಿ. ಆಗ ನಾಡಿ, ರಕ್ತದೊತ್ತಡ, ಆಮ್ಲಜನಕದ ಮಟ್ಟಗಳನ್ನು ಬರೆದುಕೊಳ್ಳುತ್ತಾರೆ. ಏದುಸಿರು ಮತ್ತು ಕಾಲಿನ ದಣಿವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವಂತೆ ರೋಗಿಯನ್ನೇ ಕೇಳುತ್ತಾರೆ. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ರೂಪಿಸಿದ ಈ ಅಳತೆಗೋಲಿಗೆ ಅವರ ಹೆಸರೇ ಇದೆ.

ಆಮೇಲೆ ಆರು ನಿಮಿಷ ನಡೆಯಬೇಕು. ಓಡುವಂತಿಲ್ಲ. ಸಾಧ್ಯವಾದಷ್ಟು ಹೆಚ್ಚು ದೂರ ಕ್ರಮಿಸುವುದು ಗುರಿ. ಆದರೆ ವೇಗ ರೋಗಿಯ ಇಚ್ಛೆಗೆ ಬಿಟ್ಟದ್ದು. ದಣಿದರೆ ನಿಲ್ಲಬಹುದು, ಗೋಡೆಗೆ ಒರಗಬಹುದು. ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಪರೀಕ್ಷಕರು ಜೊತೆಯಲ್ಲಿ ನಡೆಯುವುದಿಲ್ಲ. ಹಾಗೆ ನಡೆದರೆ ರೋಗಿ ಅವರ ವೇಗಕ್ಕೆ ತನ್ನನ್ನು ಹೊಂದಿಸಿಕೊಂಡುಬಿಡುತ್ತಾನೆ.

ನಿಮಿಷಕ್ಕೊಮ್ಮೆ ಪರೀಕ್ಷಕರು ಆಡುವ ಮಾತೂ ನಿಯಮಬದ್ಧವಾಗಿದೆ. ಚೆನ್ನಾಗಿ ನಡೆಯುತ್ತಿದ್ದೀರಿ, ಇನ್ನು ಇಷ್ಟು ನಿಮಿಷ ಉಳಿದಿದೆ ಎಂಬುದಕ್ಕಿಂತ ಹೆಚ್ಚು ಹೇಳುವಂತಿಲ್ಲ. ಇದೇಕೆ ಇಷ್ಟು ಬಿಗಿ? 1984ರಲ್ಲಿ ಗಯಾಟ್ ಮತ್ತು ಸಹೋದ್ಯೋಗಿಗಳು ಪರೀಕ್ಷಿಸಿ ನೋಡಿದಾಗ, ಕೇವಲ ಹುರಿದುಂಬಿಸುವ ಮಾತಿನಿಂದಲೇ ನಡಿಗೆಯ ದೂರ ಸುಮಾರು 30 ಮೀಟರಿನಷ್ಟು ಹೆಚ್ಚಿತು. ಒಂದು ಒಳ್ಳೆಯ ಚಿಕಿತ್ಸೆಯಿಂದ ದೊರೆಯುವ ಪ್ರಯೋಜನಕ್ಕೆ ಇದು ಹತ್ತಿರ. ಒಂದು ಸಲ ಹುರಿದುಂಬಿಸಿ, ಇನ್ನೊಂದು ಸಲ ಮೌನವಾಗಿದ್ದರೆ ಎರಡು ಲೆಕ್ಕಗಳನ್ನು ತಾಳೆ ನೋಡಲಾಗದು. ಹೀಗೆಯೇ ಎರಡನೆಯ ಸಲ ನಡೆದಾಗ ರೂಢಿಯ ಬಲದಿಂದ ದೂರ ಸ್ವಲ್ಪ ಹೆಚ್ಚುವುದುಂಟು. ಆದುದರಿಂದ ಎರಡು ಸಲ ನಡೆಸಿ, ಹೆಚ್ಚಿನದನ್ನು ಪರಿಗಣಿಸಬೇಕೆಂದು 2014ರ ನಿಯಮ ಹೇಳುತ್ತದೆ.

ಎದೆನೋವು, ಸಹಿಸಲಾಗದ ಏದುಸಿರು, ಕಾಲಿನ ಸೆಳೆತ, ತೂರಾಟ, ಬೆವರಿ ಬಿಳಚಿಕೊಳ್ಳುವುದು ಇವು ಕಂಡರೆ ಪರೀಕ್ಷೆ ನಿಲ್ಲಬೇಕು. ಆಮ್ಲಜನಕದ ಮಟ್ಟ ಶೇಕಡಾ 80ಕ್ಕಿಂತ ಕೆಳಗಿಳಿದಾಗಲೂ ಹಾಗೆಯೇ. ಇತ್ತೀಚೆಗೆ ಹೃದಯಾಘಾತವಾದವರಿಗೆ, ಹತೋಟಿಗೆ ಬಾರದ ಎದೆನೋವಿರುವವರಿಗೆ ಈ ಪರೀಕ್ಷೆ ಸಲ್ಲದು.

ಬೇರೆ ಪರೀಕ್ಷೆಗಳು

ವೇಗವನ್ನು ರೋಗಿಯ ಇಚ್ಛೆಗೆ ಬಿಡದೆ ನಿಗದಿಪಡಿಸುವ ವಿಧಾನವೂ ಉಂಟು. ಸ್ಯಾಲಿ ಸಿಂಗ್ ಮತ್ತು ಸಂಗಡಿಗರು ಇಂಗ್ಲೆಂಡಿನ ಲೆಸ್ಟರಿನಲ್ಲಿ ರೂಪಿಸಿ 1992ರಲ್ಲಿ ಪ್ರಕಟಿಸಿದ 'ಷಟಲ್' ನಡಿಗೆಯಲ್ಲಿ ರೋಗಿಯು 10 ಮೀಟರ್ ದಾರಿಯಲ್ಲಿ ಮಗ್ಗದ ಲಾಳಿಯಂತೆ ಆಚೆ ಈಚೆ ನಡೆಯಬೇಕು. ಧ್ವನಿಮುದ್ರಣದ ಸದ್ದು ಕೇಳುವುದರೊಳಗೆ ತುದಿ ಮುಟ್ಟಬೇಕು. ನಿಮಿಷ ನಿಮಿಷಕ್ಕೂ ಸದ್ದುಗಳ ಅಂತರ ಕಡಿಮೆಯಾಗುತ್ತದೆ. ಓಣಿಯೇ ಇಲ್ಲದ ಚಿಕ್ಕ ಚಿಕಿತ್ಸಾಲಯಗಳಲ್ಲಿ, ಕೈಗಳ ಆಸರೆಯಿಲ್ಲದೆ ಒಂದು ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಬಾರಿ ಎದ್ದು ಕೂರಬಲ್ಲರೆಂದು ಎಣಿಸುವುದೂ ಇದೆ.

ಇವೆಲ್ಲವುಗಳಿಗಿಂತ ಸೂಕ್ಷ್ಮವಾದುದು ಪ್ರಯೋಗಾಲಯದಲ್ಲಿ ಸೈಕಲ್ ತುಳಿಸಿಯೋ ಟ್ರೆಡ್‌ಮಿಲ್ಲಿನ ಮೇಲೆ ನಡೆಸಿಯೋ ಮಾಡುವ ಪರೀಕ್ಷೆ. ಮುಖಕ್ಕೆ ಮುಸುಕು ಹಾಕಿ, ದೇಹ ಬಳಸಿದ ಆಮ್ಲಜನಕ ಮತ್ತು ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನು ಉಸಿರುಸಿರಿಗೂ ಅಳೆಯುತ್ತಾರೆ. ತಡೆಯುತ್ತಿರುವುದು ಶ್ವಾಸಕೋಶವೇ, ಹೃದಯವೇ, ಸ್ನಾಯುವೇ ಎಂಬುದು ಇದರಿಂದ ತಿಳಿಯುತ್ತದೆ. ಶ್ವಾಸಕೋಶದ ಭಾಗವನ್ನು ತೆಗೆದುಹಾಕುವ ಶಸ್ತ್ರಚಿಕಿತ್ಸೆಗೆ ಮುನ್ನ ಇದು ಬಹಳ ಮುಖ್ಯ. ಆದರೆ ವೆಚ್ಚ ಹೆಚ್ಚು, ಪರಿಣತರು ಬೇಕು. ಬಹುಪಾಲು ರೋಗಿಗಳಿಗೆ ಆರು ನಿಮಿಷಗಳ ನಡಿಗೆಯೇ ಸಾಕಾಗುತ್ತದೆ.

ಅಂಕಗಳ ಅರ್ಥ

ಆರೋಗ್ಯವಂತ ವಯಸ್ಕರು ಆರು ನಿಮಿಷಗಳಲ್ಲಿ ಸಾಮಾನ್ಯವಾಗಿ 400ರಿಂದ 700 ಮೀಟರ್ ನಡೆಯುತ್ತಾರೆ. ವಯಸ್ಸು, ಎತ್ತರ, ತೂಕ, ಸ್ತ್ರೀ-ಪುರುಷ ಭೇದಗಳಿಂದ ಇದು ವ್ಯತ್ಯಾಸವಾಗುತ್ತದೆ. ಆದುದರಿಂದ ನೆರೆಮನೆಯವರ ಅಂಕದೊಡನೆ ಹೋಲಿಸಿಕೊಳ್ಳುವುದು ವ್ಯರ್ಥ. ಹೋಲಿಸಬೇಕಾದದ್ದು ತನ್ನದೇ ಹಿಂದಿನ ಅಂಕದೊಡನೆ. ಸುಮಾರು 30 ಮೀಟರಿನ ಏರಿಳಿತವನ್ನು ತಜ್ಞರು ಗಣನೀಯವೆಂದು ಭಾವಿಸುತ್ತಾರೆ.

ಈ ಅಂಕಕ್ಕೆ ಎಷ್ಟು ಬೆಲೆಯಿದೆಯೆಂಬುದು 2004ರಲ್ಲಿ ಬಾರ್ತೊಲೊಮೆ ಚೆಲ್ಲಿ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ 'ಬೋಡ್' ಸೂಚ್ಯಂಕದಿಂದ ಸ್ಪಷ್ಟವಾಯಿತು. ಎತ್ತರಕ್ಕೆ ತಕ್ಕ ತೂಕ, ಎಫ್.ಇ.ವಿ.-1, ಏದುಸಿರಿನ ದರ್ಜೆ, ಆರು ನಿಮಿಷಗಳ ನಡಿಗೆ - ಈ ನಾಲ್ಕಕ್ಕೂ ಅಂಕ ಕೊಟ್ಟು ಕೂಡಿದರೆ ಸೊನ್ನೆಯಿಂದ ಹತ್ತರವರೆಗಿನ ಒಂದು ಸಂಖ್ಯೆ ದೊರೆಯುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಇಬ್ಬರು ನಿವೃತ್ತರಿದ್ದಾರೆ, ಇಬ್ಬರ ಎಫ್.ಇ.ವಿ.-1 ಕೂಡ ಇರಬೇಕಾದುದರ ಶೇಕಡಾ 52. ಇದಕ್ಕೆ ತಲಾ 1 ಅಂಕ. ಮೊದಲನೆಯವರಿಗೆ ಏದುಸಿರು ಬರುವುದು ಅವಸರದಲ್ಲಿ ನಡೆದಾಗ ಮಾತ್ರ, ತೂಕ ಸರಿಯಾಗಿದೆ, ನಡೆದ ದೂರ 460 ಮೀಟರ್. ಈ ಮೂರಕ್ಕೂ ಸೊನ್ನೆ, ಒಟ್ಟು 1. ಎರಡನೆಯವರು ಸಮತಟ್ಟಾದ ರಸ್ತೆಯಲ್ಲೂ ನೂರು ಮೀಟರಿಗೆ ನಿಲ್ಲುತ್ತಾರೆ, ಅದಕ್ಕೆ 2, ದೇಹ ಕೃಶವಾಗಿದೆ, ಅದಕ್ಕೆ 1, ನಡೆದದ್ದು 240 ಮೀಟರ್, ಅದಕ್ಕೆ 2, ಒಟ್ಟು 6. ಊದುವ ಯಂತ್ರದ ಕಣ್ಣಿಗೆ ಇಬ್ಬರೂ ಸಮಾನರು. ನಿಜದಲ್ಲಿ ಎರಡನೆಯವರ ಅಪಾಯ ಬಹಳ ಹೆಚ್ಚಿನದು; ಅವರಿಗೆ ತುರ್ತಾಗಿ ಗಮನ ಬೇಕು. ನಡೆಸಿ ನೋಡದಿದ್ದರೆ ಇದು ತಿಳಿಯುತ್ತಿರಲಿಲ್ಲ.

ದೂರದಷ್ಟೇ ಮುಖ್ಯವಾದುದು ನಡೆಯುವಾಗ ಆಮ್ಲಜನಕ ಎಷ್ಟು ಕೆಳಗಿಳಿಯಿತೆಂಬುದು. ಕುಳಿತಾಗ ಶೇಕಡಾ 95 ಇದ್ದವರಲ್ಲಿ, ವಿಶೇಷವಾಗಿ ಫೈಬ್ರೋಸಿಸ್ ಇರುವವರಲ್ಲಿ, ನಾಲ್ಕು ನಿಮಿಷದ ನಡಿಗೆಗೆ ಅದು 88ಕ್ಕಿಂತ ಕೆಳಗೆ ಹೋಗುವುದುಂಟು. 2020-21ರ ಕೋವಿಡ್ ದಿನಗಳಲ್ಲಿ ಮಹಾರಾಷ್ಟ್ರದಲ್ಲಿ ಮನೆಮನೆಯಲ್ಲೂ ಆರು ನಿಮಿಷ ನಡೆದು ಬೆರಳಿನ ಯಂತ್ರವನ್ನು ನೋಡುತ್ತಿದ್ದುದು ಇದೇ ತತ್ತ್ವದ ಮೇಲೆ. ಜಪಾನಿನ ತಕುವೊ ಅಯೊಯಾಗಿ 1970ರ ದಶಕದಲ್ಲಿ ಕಂಡುಹಿಡಿದ ತತ್ತ್ವದಿಂದ ಈ ಪುಟ್ಟ ಯಂತ್ರ ಸಾಧ್ಯವಾಯಿತು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಹಚ್ಚಿದ್ದರೆ ಅದು ತಪ್ಪು ತೋರಿಸಬಹುದು. ಕಪ್ಪು ಚರ್ಮದವರಲ್ಲಿ ಕೆಲವೊಮ್ಮೆ ನಿಜಕ್ಕಿಂತ ಹೆಚ್ಚು ತೋರಿಸುತ್ತದೆಂಬುದೂ ನೆನಪಿನಲ್ಲಿರಲಿ.

ಅಳತೆಯಿಂದ ಚಿಕಿತ್ಸೆಗೆ

ಅಳತೆ ಮಾಡಿ ಕಡತದಲ್ಲಿಟ್ಟರೆ ಏನು ಫಲ? ಈ ಪರೀಕ್ಷೆಯ ನಿಜವಾದ ಸಾರ್ಥಕ್ಯ ಇರುವುದು ಮುಂದಿನ ಹೆಜ್ಜೆಯಲ್ಲಿ. ಹಾಳಾದ ಶ್ವಾಸಕೋಶವನ್ನು ಹೊಸದಾಗಿ ಮಾಡುವ ಔಷಧಿಯಿಲ್ಲ. ಆದರೆ ಬಡವಾದ ಸ್ನಾಯುವನ್ನು ಮತ್ತೆ ಬಲಪಡಿಸಬಹುದು. ವಾರಕ್ಕೆ ಎರಡು ಮೂರು ಸಲದಂತೆ ಆರೆಂಟು ವಾರ ಅಥವಾ ಇನ್ನೂ ಹೆಚ್ಚು ಕಾಲ, ಮೇಲ್ವಿಚಾರಣೆಯಲ್ಲಿ ನಡಿಗೆ, ಕೈಕಾಲುಗಳ ವ್ಯಾಯಾಮ, ಉಸಿರಾಟದ ಶಿಕ್ಷಣ ಕೊಡುವ ಕ್ರಮಕ್ಕೆ ಶ್ವಾಸಕೋಶದ ಪುನಶ್ಚೇತನವೆಂದು ಹೆಸರು. 65 ಪ್ರಯೋಗಗಳನ್ನು ಒಟ್ಟುಗೂಡಿಸಿದ 2015ರ ವಿಮರ್ಶೆಯೊಂದರಲ್ಲಿ, ಇದರಿಂದ ಆರು ನಿಮಿಷಗಳ ನಡಿಗೆ ಸರಾಸರಿ 44 ಮೀಟರಿನಷ್ಟು ಹೆಚ್ಚಿದುದು ಕಂಡುಬಂದಿದೆ. ಎಫ್.ಇ.ವಿ.-1 ಹಾಗೆಯೇ ಉಳಿದರೂ ಮನುಷ್ಯನ ಬದುಕು ಹಿಗ್ಗುತ್ತದೆ. ಈ ಲೇಖನದ ಸಾರವೂ ಇದೇ.

ಎಷ್ಟು ನಡೆಯಬೇಕೆಂಬುದನ್ನೂ ಪರೀಕ್ಷೆಯೇ ಹೇಳಿಕೊಡುತ್ತದೆ. ಪರೀಕ್ಷೆಯ ವೇಗದ ಶೇಕಡಾ 80ರಷ್ಟರಿಂದ ಆರಂಭಿಸುವುದು ಒಂದು ರೂಢಿ. ಮೇಲಿನ ಎರಡನೆಯವರು 6 ನಿಮಿಷಕ್ಕೆ 240 ಮೀಟರ್, ಎಂದರೆ ನಿಮಿಷಕ್ಕೆ 40 ಮೀಟರ್ ನಡೆದರು. ಅದರ ಶೇಕಡಾ 80 ಎಂದರೆ 32 ಮೀಟರ್. ಹತ್ತು ನಿಮಿಷಕ್ಕೆ 320 ಮೀಟರ್. ನಡುವೆ ನಿಂತು ದಣಿವಾರಿಸಿಕೊಳ್ಳಬಹುದು. ಇದು ಯಾರನ್ನೂ ಹೆದರಿಸುವ ಗುರಿಯಲ್ಲ. ನಡೆಯುವಾಗ ಮೂಗಿನಿಂದ ಉಸಿರೆಳೆದು, ಬಿಸಿ ಕಾಫಿಯನ್ನು ಆರಿಸುವಂತೆ ತುಟಿಗಳನ್ನು ಕಿರಿದುಮಾಡಿ ನಿಧಾನವಾಗಿ ಬಿಟ್ಟರೆ, ಒಳಗೆ ಸಿಕ್ಕಿಬಿದ್ದ ಗಾಳಿಗೆ ಹೊರಹೋಗಲು ಸಮಯ ಸಿಗುತ್ತದೆ. ಧೂಮಪಾನವನ್ನು ಬಿಡುವುದು, ಇನ್‌ಹೇಲರನ್ನು ಸರಿಯಾಗಿ ಬಳಸುವುದು, ವೈದ್ಯರು ಹೇಳಿದ ಲಸಿಕೆಗಳನ್ನು ಹಾಕಿಸಿಕೊಳ್ಳುವುದು ಇವೂ ಜೊತೆಯಲ್ಲಿ ನಡೆಯಬೇಕೆಂದು ಬೇರೆ ಹೇಳಬೇಕಾಗಿಲ್ಲ. ದೆಹಲಿಯಂಥ ನಗರದಲ್ಲಿ ಚಳಿಗಾಲದ ಹೊಗೆಮಂಜಿನ ದಿನಗಳಲ್ಲಿ ನಡಿಗೆಯನ್ನು ಮನೆಯೊಳಗಿನ ಪಡಸಾಲೆಗೆ ಸೀಮಿತಗೊಳಿಸುವುದು ಲೇಸು.

ಮನೆಯವರ ಕರ್ತವ್ಯ

ಮೊದಲ ಪರೀಕ್ಷೆಯನ್ನು ಆಸ್ಪತ್ರೆಯಲ್ಲೇ ಮಾಡಿಸತಕ್ಕದ್ದು. ಹಿರಿಯರನ್ನು ತಾವೇ ಗಡಿಯಾರ ಹಿಡಿದು ಓಡಾಡಿಸುವ ಉತ್ಸಾಹ ಬೇಡ. ವರದಿಯಲ್ಲಿ ನಾಲ್ಕು ಅಂಶಗಳನ್ನು ಕೇಳಿ ಪಡೆಯಬೇಕು: ನಡೆದ ದೂರ ಎಷ್ಟು ಮೀಟರ್, ಆಮ್ಲಜನಕದ ಕನಿಷ್ಠ ಮಟ್ಟ ಎಷ್ಟು, ನಾಡಿಯ ಗತಿ ಎಷ್ಟು, ಏದುಸಿರಿನ ಅಂಕ ಎಷ್ಟು. ಇವುಗಳನ್ನು ದಿನಾಂಕಸಹಿತ ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಪಾಸ್‌ಬುಕ್ಕನ್ನು ಜೋಪಾನವಾಗಿಡುವ ಮನೆಗಳಲ್ಲಿ ಇದು ಕಷ್ಟದ ಕೆಲಸವಲ್ಲ. ವೈದ್ಯರು ಬದಲಾದರೂ, ವರ್ಗವಾಗಿ ಬೇರೆ ನಗರಕ್ಕೆ ಹೋದರೂ ಹಳೆಯ ಲೆಕ್ಕ ಕೈಯಲ್ಲಿರುತ್ತದೆ.

ಇನ್ನು, ಹಿರಿಯರ ಮೇಲಿನ ಪ್ರೀತಿಯಿಂದ 'ನೀವು ಏಳಬೇಡಿ, ನಾವೇ ತಂದುಕೊಡುತ್ತೇವೆ' ಎಂದು ಎಲ್ಲವನ್ನೂ ಕುಳಿತಲ್ಲಿಗೇ ಒದಗಿಸುವುದು ಉಪಕಾರವಾಗದೆ ಅಪಕಾರವಾಗಬಹುದು. ಅವರು ಯಾವ ಕೆಲಸಗಳನ್ನು ಸದ್ದಿಲ್ಲದೆ ಬಿಟ್ಟುಬಿಟ್ಟಿದ್ದಾರೆಂಬುದನ್ನು ಗಮನಿಸಬೇಕು. ಕಳೆದ ವರ್ಷದ ಹಬ್ಬದಲ್ಲಿ ಮಾಡುತ್ತಿದ್ದುದನ್ನು ಈ ವರ್ಷ ಏಕೆ ಮಾಡುತ್ತಿಲ್ಲವೆಂದು ಕೇಳಬೇಕು. ಊರಿಗೆ ಫೋನ್ ಮಾಡಿದಾಗ 'ಆರೋಗ್ಯವೇ?' ಎಂದು ಕೇಳುವುದರ ಜೊತೆಗೆ 'ಇವತ್ತು ಎಲ್ಲಿಯವರೆಗೆ ನಡೆದುಬಂದಿರಿ, ಅಮ್ಮ?' ಎಂದೂ ಕೇಳಿದರೆ, ಮೊದಲಿನ ಪ್ರಶ್ನೆಗೆ ಸಿಗದ ಉತ್ತರ ಎರಡನೆಯದಕ್ಕೆ ಸಿಗುತ್ತದೆ.